ಮುಚ್ಚಳದ ಒಳಗೆ ಹಚ್ಚಿದ ಗಂಧ

ನಾನು ಡಿಪ್ಲೊಮಾ ಮುಗಿಸಿ ಆಗ ಎರಡು ವರ್ಷವಾಗಿತ್ತು. ಆ ವಯಸ್ಸಿನಲ್ಲಿ ನನಗೆ ಗೊತ್ತಿಲ್ಲದ ವಿಷಯ ಜಗತ್ತಿನಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಎಪ್ಪತ್ತರ ದಶಕದ ಕೊನೆ. ಅರಿಶಿನಕುಂಟೆಯಲ್ಲಿ ಹೆದ್ದಾರಿಗೆ ಬೆನ್ನು ಹಾಕಿ ನಿಂತಿದ್ದ ಒಂದು ಶೀಟಿನ ಷೆಡ್ಡಿನಲ್ಲಿ ನಾವು ಮೈಕ್ರೋವೇವ್ ಆಂಪ್ಲಿಫೈಯರ್ ಮಾಡುತ್ತಿದ್ದೆವು. ಟೆಲಿಫೋನ್ ಮಾತುಗಳು ಒಂದು ಗೋಪುರದಿಂದ ಇನ್ನೊಂದಕ್ಕೆ ಗಾಳಿಯಲ್ಲಿ ಹೋಗುವಾಗ ಸೊರಗಿಬಿಡುತ್ತವೆ. ಅವಕ್ಕೆ ಮತ್ತೆ ಶಕ್ತಿ ತುಂಬುವ ಪೆಟ್ಟಿಗೆ ಅದು. ಊಟದ ಡಬ್ಬಿಯಷ್ಟು ದೊಡ್ಡದು. ಇಂಥದ್ದು ಅರಿಶಿನಕುಂಟೆಯಲ್ಲಿ ತಯಾರಾಗುತ್ತದೆ ಎಂದರೆ ನೆಲಮಂಗಲದಲ್ಲಿ ನನ್ನನ್ನು ಮನೆಯಲ್ಲಿಟ್ಟುಕೊಂಡಿದ್ದ ಸೋದರಮಾವನೇ ನಂಬಲಿಲ್ಲ. "ರೇಡಿಯೋ ರಿಪೇರಿ ಅಂತ ಹೇಳ್ಕೊಳೋಕೆ ನಾಚ್ಕೆ ಏನೋ ನಿಂಗೆ?" ಎಂದುಬಿಟ್ಟಿದ್ದ.

ಷೆಡ್ಡಿನಲ್ಲಿ ನಾವು ಮುಖ್ಯವಾಗಿ ಮೂವರು. ಬೆಂಗಳೂರಿನ ದೊಡ್ಡ ಕಾರ್ಖಾನೆಯೊಂದರ ಕೆಲಸ ಬಿಟ್ಟು ಬಂದಿದ್ದ ಯಜಮಾನರು, ಲೆಕ್ಕ ಹಾಕಿ ಪರೀಕ್ಷೆ ಮಾಡುವ ನಾನು, ಮತ್ತು ಬೆಸುಗೆ ಹಾಕುವ ಭಾಯ್. ಭಾಯ್ ದೇವನಹಳ್ಳಿಯವರು, ನನಗಿಂತ ಹದಿನೈದು ವರ್ಷ ದೊಡ್ಡವರು. ದೊಡ್ಡಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಬಂದರೂ ನನಗಿಂತ ಮೊದಲೇ ಬೆಂಚಿನಲ್ಲಿರುತ್ತಿದ್ದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಎಳ್ಳುಕಾಳಿಗಿಂತ ಚಿಕ್ಕ ಬಿಡಿಭಾಗವನ್ನು ಉಸಿರು ಬಿಗಿಹಿಡಿದು ಕೂರಿಸುತ್ತಿದ್ದರು. ದಿನಾ ಹನ್ನೊಂದು ಗಂಟೆಗೆ ಹೆದ್ದಾರಿಯಾಚೆಯ ಅಂಗಡಿಯಿಂದ ಒಂದು ಟೀ ತರಿಸಿ ನಾವಿಬ್ಬರೂ ಬೈಟೂ ಮಾಡಿಕೊಳ್ಳುತ್ತಿದ್ದೆವು.

ನಮ್ಮ ಪೆಟ್ಟಿಗೆಯೊಳಗೆ ಮೂರು ಹಂತ. ಮೊದಲನೆಯದು ಹಿಗ್ಗಿಸಿದ್ದನ್ನು ಎರಡನೆಯದು ಇನ್ನಷ್ಟು ಹಿಗ್ಗಿಸಬೇಕು, ಅದನ್ನು ಮೂರನೆಯದು. ಒಂದೊಂದಾಗಿ ಪರೀಕ್ಷೆ ಮಾಡಿದಾಗ ಮೂರೂ ಸಾಧು. ಮೂರನ್ನೂ ಜೋಡಿಸಿದರೂ ಸಾಧುವೇ. ಮುಚ್ಚಳ ಹಾಕಿ ಸ್ಕ್ರೂ ಬಿಗಿದರೆ ಮಾತ್ರ ಹುಚ್ಚು ಹಿಡಿಯುತ್ತಿತ್ತು. ಒಳಗೆ ಯಾವ ಸಿಗ್ನಲ್ಲನ್ನೂ ಕಳಿಸದಿದ್ದರೂ ಮೀಟರಿನ ಮುಳ್ಳು ತಾನೇ ಎದ್ದು ಮೂಲೆಗೆ ಹೋಗಿ ನಿಲ್ಲುತ್ತಿತ್ತು. ಮುಚ್ಚಳ ತೆಗೆದರೆ ಮತ್ತೆ ಗಪ್‌ಚುಪ್.

ಯಜಮಾನರು ಹೆದ್ದಾರಿಯ ಲಾರಿಗಳನ್ನು ಬೈದರು, ಕರೆಂಟಿನವರನ್ನು ಬೈದರು. ನಾನು ಮಾತ್ರ ಗಂಭೀರವಾಗಿ ಗಲ್ಲ ಕೆರೆದುಕೊಂಡು ತೀರ್ಪು ಕೊಟ್ಟೆ: "ಮುಚ್ಚಳ ಬಿಗಿದಾಗ ಒಳಗಿನ ಬೋರ್ಡು ಬಾಗುತ್ತೆ ಸಾರ್. ಎಲ್ಲೋ ಒಂದು ಬೆಸುಗೆ ಬಿಡ್ತಿದೆ."

ಎಷ್ಟು ಸಲೀಸಾಗಿ ಹೇಳಿಬಿಟ್ಟೆ! ಭಾಯ್ ಪಕ್ಕದಲ್ಲೇ ಇದ್ದರು. ಮೂರು ಸಲ ಎಲ್ಲ ಬೆಸುಗೆ ಬಿಚ್ಚಿ ಹೊಸದಾಗಿ ಹಾಕಿದರು. ಮುಳ್ಳು ಮೂರು ಸಲವೂ ಎದ್ದಿತು. ಕೊನೆಗೆ ಯಜಮಾನರು, "ಹಬ್ಬ ಕಳೆದು ಸೋಮವಾರ ಪೆಟ್ಟಿಗೆ ನೋಡೋಕೆ ಟೆಲಿಫೋನ್ ಇಲಾಖೆ ಇನ್‌ಸ್ಪೆಕ್ಟರ್ ಬರ್ತಾರೆ. ಅಷ್ಟರೊಳಗೆ ಇದು ಸರಿಹೋಗ್ದಿದ್ರೆ ನೀವು ಹಿಂದಿನ ಷೆಡ್ಡಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತಿ ಭಾಯ್, ಬೆಸುಗೆಗೆ ಬೇರೆಯವರನ್ನ ನೋಡ್ತೀನಿ," ಎಂದರು. ಟ್ರಾನ್ಸ್‌ಫಾರ್ಮರ್ ಸುತ್ತುವುದೆಂದರೆ ದಿನವಿಡೀ ತಂತಿ ಎಣಿಸುವ ಕೆಲಸ. ಆ ಕೈಗಳಿಗೆ ಆ ಕೆಲಸ! ಭಾಯ್ ಮರುದಿನ ಹನ್ನೊಂದಕ್ಕೆ ಒಂದು ಟೀ ತರಿಸಿ ಪೂರ್ತಿ ಒಬ್ಬರೇ ಕುಡಿದರು. ಆಗಲೂ ನನ್ನ ತೀರ್ಪು ತಪ್ಪಿರಬಹುದೆಂದು ನನಗೆ ಹೊಳೆಯಲಿಲ್ಲ.

ಆಯುಧಪೂಜೆ ಬಂತು. ಮೀಟರು, ಸುತ್ತಿಗೆ, ನನ್ನ ಸೈಕಲ್ಲು ಎಲ್ಲಕ್ಕೂ ಹೂವು, ಗಂಧ, ಕುಂಕುಮ. ಪೂಜೆ ಯಜಮಾನರ ಅಕ್ಕನವರದು. ಅವರ ಕೈ ಧಾರಾಳ. ನಮ್ಮ ಪೆಟ್ಟಿಗೆಯ ಹತ್ತಿರ ಬಂದಾಗ ಯಜಮಾನರು ಹೌಹಾರಿದರು. "ಅಕ್ಕಾ, ಅದಕ್ಕೆ ಬೇಡ! ಮೇಲೆ ಬೆಳ್ಳಿ ಲೇಪನ ಇದೆ, ಕಲೆ ಬಿದ್ರೆ ಇನ್‌ಸ್ಪೆಕ್ಟರು ವಾಪಸ್ ಕಳಿಸ್ತಾರೆ."

ಆಗ ಭಾಯ್ ಮುಚ್ಚಳ ಬಿಚ್ಚಿ ಅಂಗಾತ ಹಿಡಿದರು. "ಒಳಗಡೆ ಹಚ್ಚಿ ಅಮ್ಮಾ. ಯಾರ್ಗೂ ಕಾಣಲ್ಲ. ಇದಕ್ಕೇ ಅಲ್ವಾ ಜಾಸ್ತಿ ಬೇಕಾಗಿರೋದು?"

ಅಕ್ಕನವರು ನಾಲ್ಕು ಬೆರಳು ತುಂಬ ಗಂಧ ತೆಗೆದುಕೊಂಡು ಮುಚ್ಚಳದ ಒಳಮೈಗೆ ಗೋಡೆ ಸಾರಿಸುವಂತೆ ಬಳಿದರು. ಮುಚ್ಚಳ ಬಿಗಿದು, ಶಾಸ್ತ್ರಕ್ಕೆಂದು ಒಮ್ಮೆ ಸ್ವಿಚ್ ಹಾಕಿದೆವು. ಮುಳ್ಳು ಕದಲಲಿಲ್ಲ. ಯಜಮಾನರು ಕೈಮುಗಿದರು, ಅಕ್ಕನವರು ಎಲ್ಲರಿಗೂ ಎರಡೆರಡು ಸಲ ಕಡಲೆಪುರಿ ಕೊಟ್ಟರು. ನಾನು, "ನಾಲ್ಕನೇ ಸಲಕ್ಕೆ ಬೆಸುಗೆ ಕೂತ್ಕೊಳ್ತು ನೋಡಿ," ಎಂದೆ. ಭಾಯ್ ನನ್ನನ್ನು ಒಮ್ಮೆ ನೋಡಿ ಹೇಳಿದರು: "ನಾಲ್ಕನೇ ಸಲ ನಾನು ಮುಟ್ಟೇ ಇಲ್ಲ ಗುರು."

ಹಬ್ಬದ ರಜ ಮುಗಿಸಿ ಶನಿವಾರ ಬಂದು ಸ್ವಿಚ್ ಹಾಕಿದರೆ ಮುಳ್ಳು ಮತ್ತೆ ಮೂಲೆಯಲ್ಲಿ! ಭಾಯ್ ತಮ್ಮ ಇಕ್ಕಳ, ಭೂತಗನ್ನಡಿಗಳನ್ನು ಡಬ್ಬಿಗೆ ತುಂಬತೊಡಗಿದರು. ನಾನು ಮುಚ್ಚಳ ತೆಗೆದೆ. ಗಂಧ ಒಣಗಿ ಬಿರುಕು ಬಿಟ್ಟಿತ್ತು. ಸುಮ್ಮನೆ ಬೆರಳನ್ನು ನೀರಿನಲ್ಲಿ ಅದ್ದಿ ಅದಕ್ಕೆ ಸವರಿ ಮತ್ತೆ ಮುಚ್ಚಿದೆ. ಮುಳ್ಳು ಮಲಗಿತು.

ನನ್ನ ಮುಖಕ್ಕೆ ಯಾರೋ ಆ ನೀರನ್ನೇ ಎರಚಿದಂತಾಯಿತು. ಮದುವೆ ಚಪ್ಪರದಲ್ಲಿ ಸ್ಪೀಕರಿನ ಸದ್ದು ಮೈಕಿಗೇ ವಾಪಸು ಹೊಕ್ಕು ಕುಯ್ಯೋ ಎಂದು ಕಿರಿಚುವುದಿಲ್ಲವೇ? ಇದೂ ಅದೇ. ಮುಚ್ಚಳ ಹಾಕಿದಾಗ ಮೂರನೆಯ ಹಂತದಿಂದ ಸೋರಿದ ಅಲೆ ಲೋಹಕ್ಕೆ ಬಡಿದು ಬಡಿದು ಮೊದಲನೆಯ ಹಂತಕ್ಕೆ ಮರಳುತ್ತಿತ್ತು. ಹಸಿ ಗಂಧ ಅದನ್ನು ನಡುದಾರಿಯಲ್ಲೇ ಹೀರಿಕೊಂಡಿತ್ತು. ಬೆಸುಗೆಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

"ಭಾಯ್, ಡಬ್ಬಿ ಮುಚ್ಬೇಡಿ. ತಪ್ಪು ನಂದು," ಎಂದು ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, "ಹಂಗಾದ್ರೆ ಒಣಗ್ದೇ ಇರೋದು ಏನಾದ್ರೂ ಬೇಕು," ಎಂದರಷ್ಟೇ. ಒದ್ದೆ ಬಟ್ಟೆ, ಬಾಳೆಲೆ, ಹಬ್ಬದಲ್ಲಿ ಉಳಿದ ಬೂದುಗುಂಬಳದ ಚೂರು, ಎಲ್ಲವೂ ಕೆಲಸ ಮಾಡಿದವು. ಆದರೆ ಕುಂಬಳಕಾಯಿ ತುಂಬಿದ ಆಂಪ್ಲಿಫೈಯರನ್ನು ಯಾವ ಇನ್‌ಸ್ಪೆಕ್ಟರ್ ತಾನೇ ಒಪ್ಪುತ್ತಾನೆ? ಕೊನೆಗೆ ಭಾಯ್ ಕಣ್ಣು ನನ್ನ ಸೈಕಲ್ಲಿನ ಮೇಲೆ ಬಿತ್ತು. ಟ್ಯೂಬಿನ ಕಪ್ಪು ರಬ್ಬರಿನಲ್ಲಿ ಇಂಗಾಲದ ಮಸಿ ಇರುತ್ತದೆ, ಅದೂ ಅಲೆ ಹೀರುತ್ತದೆ. ಹಿಂದಿನ ಚಕ್ರದ ಟ್ಯೂಬು ಅವರ ಕತ್ತರಿಗೆ ಬಲಿಯಾಯಿತು. ಪೂರ್ತಿ ಅಂಟಿಸಿದಾಗ ಮುಳ್ಳು ಮಲಗಿತು, ಆದರೆ ಸಿಗ್ನಲ್ಲಿನ ಜೊತೆ ಬೆರೆತು ಬರುವ ಬೇಡದ ಮೊರೆತ ಕೊಂಚ ಹೆಚ್ಚಿತು. ಮೊದಲ ಹಂತದ ಮೇಲಿದ್ದ ರಬ್ಬರು ಒಳಬರುವ ಬಡ ಸಿಗ್ನಲ್ಲಿಗೇ ಬಾಯಿ ಹಾಕುತ್ತಿತ್ತು. ಅಷ್ಟನ್ನು ಕತ್ತರಿಸಿ ತೆಗೆದ ಮೇಲೆ ಮೊರೆತವೂ ತಗ್ಗಿತು.

ಯಜಮಾನರ ಮುಂದೆ ನಿಂತು, ಬೆಸುಗೆ ಮೊದಲಿನಿಂದಲೂ ಸರಿಯಿತ್ತು, ಸರಿಯಿಲ್ಲದ್ದು ನನ್ನ ಮಾತು ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಸರಿಯಪ್ಪಾ. ಆದ್ರೆ ಟ್ರಾನ್ಸ್‌ಫಾರ್ಮರ್ ಸುತ್ತೋಕೆ ಒಬ್ರು ಬೇಕಲ್ಲ?"

ಸೋಮವಾರ ಪೆಟ್ಟಿಗೆ ಪಾಸಾದಾಗ ನಾನು ಅಲ್ಲಿರಲಿಲ್ಲ. ಟ್ಯೂಬಿಲ್ಲದ ಸೈಕಲ್ಲನ್ನು ಬಿಟ್ಟು ನೆಲಮಂಗಲದಿಂದ ನಡೆದು ಬಂದು, ಹಿಂದಿನ ಷೆಡ್ಡಿನಲ್ಲಿ ತಂತಿ ಸುತ್ತುತ್ತಿದ್ದೆ. ಮುನ್ನೂರ ಹನ್ನೆರಡೋ ಹದಿಮೂರೋ ಎಂದು ಎಣಿಕೆ ತಪ್ಪಿ ತಲೆ ಚಚ್ಚಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಭಾಯ್ ನಿಂತಿದ್ದರು. ಗಂಟೆ ಹನ್ನೊಂದಾಗಿತ್ತು. ಒಂದು ಕೈಯಲ್ಲಿ ಟೀ, ಇನ್ನೊಂದರಲ್ಲಿ ಖಾಲಿ ಲೋಟ.