ಎದ್ದು ನಿಲ್ಲುತ್ತಿದ್ದ ಪೊಲೀಸಕ್ಕ

ನೈಟಿಯಲ್ಲಿದ್ದಾಗಲೂ ಅವರ ಎರಡೂ ಹೆಬ್ಬೆರಳು ಸೊಂಟದಲ್ಲಿ ಬೆಲ್ಟ್ ಹುಡುಕುತ್ತಿದ್ದವು. ಹಾಲಿಗೆ ಬಾಗಿಲು ತೆಗೆದರೂ ಅಷ್ಟೇ, ನಮ್ಮ ಮನೆಗೆ ಕರಿಬೇವು ಕೇಳಲು ಬಂದರೂ ಅಷ್ಟೇ. ಇಲ್ಲದ ಬೆಲ್ಟನ್ನು ಒಮ್ಮೆ ಮೇಲಕ್ಕೆ ಜಗ್ಗಿಕೊಂಡ ಮೇಲೆಯೇ ಮಾತು. ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ನಮ್ಮ ಪಕ್ಕದ ಬಾಡಿಗೆ ಮನೆಯಲ್ಲಿದ್ದ ಅವರು ಶಿವಮೊಗ್ಗದ ಠಾಣೆಯೊಂದರಲ್ಲಿ ಎಎಸ್‌ಐ. ಬೀದಿಗೆಲ್ಲ ಪೊಲೀಸಕ್ಕ. ಅಂಗನವಾಡಿ ನಡೆಸುವ ನಾನು ಅವರಿಗೆ ಟೀಚರ್.

ಒಂದು ಸಂಜೆ ಬಸ್ಸಿಳಿದವರು ತಮ್ಮ ಮನೆಯ ಬೀಗವನ್ನೂ ತೆಗೆಯದೆ, ಯೂನಿಫಾರಂನಲ್ಲೇ ನೇರ ನಮ್ಮ ಅಡುಗೆಮನೆಗೆ ಬಂದರು. ಮುಖ ಹತ್ತನೇ ತರಗತಿ ಪಾಸಾದ ಹುಡುಗಿಯ ಹಾಗಿತ್ತು. ಎಂ.ಎ.ಗೆ ಸೀಟು ಸಿಕ್ಕಿತ್ತಂತೆ. ಪೊಲೀಸು, ಜೈಲು, ಕೋರ್ಟುಗಳಲ್ಲಿ ಕೆಲಸ ಮಾಡುವವರು ಕೆಲಸ ಬಿಡದೆ ಆನ್‌ಲೈನಿನಲ್ಲೇ ಓದಬಹುದಾದ ಕೋರ್ಸು. ಅಪರಾಧ, ನ್ಯಾಯ, ಜೊತೆಗೆ ಕೈಕೆಳಗಿನವರನ್ನೂ ಜೊತೆಗಾರರನ್ನೂ ಮುನ್ನಡೆಸುವ ಪಾಠ. ಅವರ ಮನೆಯಲ್ಲಿ ನೆಟ್ ನಿಲ್ಲುತ್ತಿರಲಿಲ್ಲ, ನಮ್ಮಲ್ಲಿ ವೈಫೈ ಇತ್ತು. ಹೀಗೆ ಭಾನುವಾರ ಬೆಳಿಗ್ಗೆ ನಮ್ಮ ಊಟದ ಮೇಜು ಅವರ ಕಾಲೇಜಾಯಿತು.

ನಮ್ಮತ್ತೆಗೆ ಇದು ಸೋಜಿಗ. "ಐವತ್ತು ಹತ್ರ ಬಂತು, ಈಗ್ಯಾಕೆ ಓದು ಮಾರಾಯ್ತಿ? ಕಳ್ಳರನ್ನ ಹಿಡಿಯೋಕೆ ಬರಲ್ವಾ ನಿಂಗೆ?"

"ಹಿಡಿಯೋಕೆ ಬರುತ್ತೆ ಅಮ್ಮ. ಹಿಡಿದ ಮೇಲೆ ಅವನ ಕಥೆ ಏನಾಗುತ್ತೆ ಅಂತ ಇಷ್ಟು ವರ್ಷ ನಾನೇ ಕೇಳ್ಲಿಲ್ಲ."

ಎರಡೇ ವಾರದಲ್ಲಿ ಅತ್ತೆಯೂ ವಿದ್ಯಾರ್ಥಿನಿಯಾದರು. ಕ್ಯಾಮೆರಾಕ್ಕೆ ಕಾಣದಂತೆ ಪಕ್ಕದಲ್ಲಿ ಕೂತು ಬೀನ್ಸ್ ಸೋಸುತ್ತ ಕೇಳುತ್ತಿದ್ದರು. ಪಾಠ ಹೇಳುವ ಮೇಡಂ ಇಂಗ್ಲಿಷಿನಲ್ಲಿ ಶುರುಮಾಡಿ ಬಿಸಿಯೇರಿದಂತೆ ಕನ್ನಡಕ್ಕೆ ಬರುತ್ತಿದ್ದರು. ಅತ್ತೆ ಅಲ್ಲಿಯವರೆಗೆ ತಾಳ್ಮೆಯಿಂದ ಕಾಯುತ್ತಿದ್ದರು. ಜೈಲಿನಲ್ಲಿ ಕೆಲಸ ಮಾಡುತ್ತ ಓದುತ್ತಿದ್ದ ಅಧಿಕಾರಿಯೊಬ್ಬರು ಕ್ಲಾಸು ತಪ್ಪಿಸಿದರೆ ಅವರಿಗೆ ಹುಷಾರಿಲ್ಲವೇನೋ ಎಂಬ ಚಿಂತೆ ಅತ್ತೆಗೆ.

ಮೊದಲ ಕ್ಲಾಸನ್ನು ನೆನೆದರೆ ಈಗಲೂ ನಗು ಬರುತ್ತದೆ. ಎಲ್ಲರೂ ಪರಿಚಯ ಹೇಳಿಕೊಳ್ಳುತ್ತಿದ್ದರು. ಉತ್ತರ ಕರ್ನಾಟಕದ ಕಡೆಯ ಒಬ್ಬರು, ನೀಲಿ ಟೀಶರ್ಟಿನವರು, ತಾವು ಡಿವೈಎಸ್‌ಪಿ ಎಂದರು, ಅಕ್ಕನಿಗಿಂತ ಮೂರು ಮೆಟ್ಟಿಲು ಮೇಲಿನ ಹುದ್ದೆ. ಅಷ್ಟೇ, ಅಕ್ಕನ ಕುರ್ಚಿ ಹಿಂದಕ್ಕೆ ಸರಿಯಿತು. ಹಿಮ್ಮಡಿ ಕೂಡಿಸಿ, ಎದೆಯುಬ್ಬಿಸಿ ಎದ್ದು ನಿಂತರು. ಪರದೆಯಲ್ಲಿ ಅಕ್ಕನ ಮುಖ ಹೋಗಿ ಸೀರೆಯ ಹೂಗಳಷ್ಟೇ ಉಳಿದವು. ಯಾರೋ ಎದ್ದು ಹೋದರು ಎಂದುಕೊಂಡ ಮೇಡಂ, ಕೂತುಕೊಳ್ಳಿ ಎಂದು ಕೇಳಿಕೊಳ್ಳಬೇಕಾಯಿತು. ಆಮೇಲೂ ಆ ಸಾಹೇಬರು ಬಾಯಿ ತೆರೆದಾಗಲೆಲ್ಲ ಅಕ್ಕ ಕುರ್ಚಿಯಿಂದ ಅರ್ಧ ಏಳುತ್ತಿದ್ದರು.

ಕೊನೆಯ ಪೇಪರಿಗೆ ಗುಂಪಿನ ಕೆಲಸ. ಮೇಡಂ ಬೇಕೆಂದೇ ಮಾಡಿದರೋ ಏನೋ, ಆ ಸಾಹೇಬರಿದ್ದ ಗುಂಪಿಗೆ ಅಕ್ಕನನ್ನೇ ಲೀಡರ್ ಮಾಡಿದರು. ದೂರು ಹೊತ್ತು ಠಾಣೆಗೆ ಬಂದವರಿಗೆ ಮೊದಲ ಅರ್ಧ ಗಂಟೆ ಹೇಗೆ ಕಳೆಯುತ್ತದೆ ಎಂಬುದು ವಿಷಯ. ಪ್ರತಿಯೊಬ್ಬರೂ ತಮ್ಮ ಗುರುತಿಲ್ಲದ ಊರಿನ ಠಾಣೆಗೆ ಸಾಮಾನ್ಯರಂತೆ ಹೋಗಿ, ಬೆಂಚಿನ ಮೇಲೆ ಕೂತು, ಕಂಡದ್ದನ್ನು ಹೇಳಬೇಕು. ಯಾರು ಎಲ್ಲಿಗೆ, ಯಾವಾಗ ಹೋಗಬೇಕೆಂದು ಹೇಳುವುದು ಲೀಡರ್ ಕೆಲಸ. ಉಳಿದವರಿಗೆಲ್ಲ ಅಕ್ಕ ಹೇಳಿದರು. ಸಾಹೇಬರಿಗೆ ಮಾತ್ರ ಹೇಳಲಾಗಲಿಲ್ಲ. ತಮ್ಮ ರಜೆಯ ದಿನ ಅವರ ಪಾಲಿನ ಬೆಂಚಿನ ಮೇಲೂ ತಾವೇ ಕೂತು ಬಂದರು.

ಮೇಡಂ ಅದನ್ನು ಹಿಡಿದುಬಿಟ್ಟರು. ಎಲ್ಲರ ಕೆಲಸ ಒಬ್ಬರೇ ಮಾಡಿದರೆ ಅದು ನಾಯಕತ್ವವಲ್ಲ, ಮುಂದಿನ ಭಾನುವಾರವೂ ಹೀಗೇ ಬಂದರೆ ಈ ಪೇಪರಿನಲ್ಲಿ ಪಾಸು ಮಾಡಲಾಗದು ಎಂದರು. ಈ ಪೇಪರ್ ಹೋದರೆ ಡಿಗ್ರಿಯೇ ಇಲ್ಲ.

ಲ್ಯಾಪ್‌ಟಾಪ್ ಮುಚ್ಚಿದ ಅಕ್ಕನ ಕಣ್ಣು ತುಂಬಿತ್ತು. "ಭುಜದ ಸ್ಟಾರ್ ನೋಡಿಕೊಂಡೇ ಬದುಕಿದೋಳು ನಾನು ಟೀಚರ್. ಅವರಿಗೆ ಹೋಗಿ ಅಂತ ಹೆಂಗೆ ಹೇಳ್ಲಿ?"

"ಸ್ಟಾರ್ ಎಲ್ಲಿದೆ? ಅವರು ಟೀಶರ್ಟ್ ಹಾಕ್ಕೊಂಡು ಕೂತಿರ್ತಾರಲ್ಲೇ," ಎಂದರು ಅತ್ತೆ.

ಅಕ್ಕ ಕಣ್ಣೊರೆಸಿಕೊಂಡು ನಕ್ಕರು. ನಕ್ಕ ಧೈರ್ಯದಲ್ಲೇ ಸ್ಪೀಕರ್ ಹಾಕಿ ಸಾಹೇಬರಿಗೆ ಫೋನು ಹಚ್ಚಿದರು. ರಿಂಗಾಗುತ್ತಲೇ ಎದ್ದು ನಿಂತರು, ಹೆಬ್ಬೆರಳು ಸೊಂಟಕ್ಕೆ ಹೋದವು. ನಾನು ಕುರ್ಚಿಯನ್ನು ಅವರ ಹಿಂದಕ್ಕೆ ಒತ್ತಿದೆ. ಒಮ್ಮೆ ನನ್ನ ಕಡೆ ನೋಡಿ, ಕೂತರು. ಕೂತೇ ಹೇಳಿದರು.

"ಸರ್, ಭಾನುವಾರದೊಳಗೆ ನೀವು ಠಾಣೆಗೆ ಹೋಗಿ ಬೆಂಚಿನ ಮೇಲೆ ಕೂತು ಬರಬೇಕು. ಜೀಪು ಬೇಡ. ಯಾರು ಏನಂದ್ರೂ ನಿಮ್ಮ ಹುದ್ದೆ ಹೇಳಬಾರದು."

"ನನಗ ಹೇಳಾಕತ್ತೀರೇನು?"

ಅತ್ತೆಯ ಕೈಯಲ್ಲಿ ಬೀನ್ಸ್ ನಿಂತಿತ್ತು. "ಹೌದು ಸರ್. ಗುಂಪಲ್ಲಿ ನೀವೂ ಇದೀರಿ," ಎಂದರು ಅಕ್ಕ.

"ಆತು. ಹೋಗತೀನಿ."

ಆ ಭಾನುವಾರ ನಮ್ಮ ಮನೆಯಲ್ಲಿ ತಿಂಡಿಯೂ ತಡವಾಯಿತು. ಸಾಹೇಬರು ಪರದೆಯ ಮೇಲೆ ಬಂದು, ಬೆಂಚಿನ ಮೇಲೆ ತಮ್ಮ ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳ ವಿಷಯ ಹೇಳಿದರು. ಒಳಗಿಂದ ಯಾರಾದರೂ ಹೊರಗೆ ಬಂದಾಗಲೆಲ್ಲ ಅವಳು ಎದ್ದು ನಿಲ್ಲುತ್ತಿದ್ದಳಂತೆ. ಯಾರೂ ಅವಳ ಕಡೆ ನೋಡದಿದ್ದಾಗ ಮತ್ತೆ ಕೂರುತ್ತಿದ್ದಳಂತೆ. ತಾವು ಯಾರೆಂದು ಹೇಳಿ ಅವಳ ಕೆಲಸ ಮಾಡಿಸಿಕೊಡೋಣವೆಂದು ನಾಲಿಗೆ ತುದಿಗೆ ಬಂದಿತ್ತಂತೆ. "ಆದ್ರ ನಮ್ಮ ಲೀಡರ್ ಬ್ಯಾಡ ಅಂದಿದ್ರು," ಎಂದರು. ಆ ಮಾತಿಗೆ ಅತ್ತೆ ಚಪ್ಪಾಳೆ ತಟ್ಟಿದ್ದು ಇಡೀ ಕ್ಲಾಸಿಗೆ ಕೇಳಿಸಿತು. ಅಕ್ಕ ಮಾತ್ರ ನಗಲಿಲ್ಲ. ಕುರ್ಚಿಯಿಂದ ಒಂದಿಷ್ಟೂ ಏಳದೆ, ಆ ಮುದುಕಿಯ ಕಥೆಯನ್ನೇ ಕೇಳುತ್ತ ಕೂತಿದ್ದರು.

ಪಾಸಾದರು. ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಆಮೇಲೆ ದಿನಾ ಬಸ್ಸಿನ ಓಡಾಟ ಸಾಕಾಗಿ ಶಿವಮೊಗ್ಗದಲ್ಲೇ ಮನೆ ಮಾಡಿದರು. ಅವರು ಕೂರುತ್ತಿದ್ದ ಕುರ್ಚಿಗೆ ಅತ್ತೆ ಈಗಲೂ ಎಂ.ಎ. ಕುರ್ಚಿ ಎನ್ನುತ್ತಾರೆ.

ಹೋದ ತಿಂಗಳು ನಮ್ಮ ಅಂಗನವಾಡಿಯ ಮಗುವೊಂದರ ತಾಯಿ, ಗಂಡನ ಹೊಡೆತ ತಾಳಲಾರದೆ ನನ್ನ ಹತ್ತಿರ ಬಂದಳು. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದೆಂದು ಅಕ್ಕ ಹೇಳಿದ್ದರು. ಠಾಣೆಯೆಂದರೆ ನಡುಗುವವಳನ್ನು ಕೈಹಿಡಿದು ಶಿವಮೊಗ್ಗಕ್ಕೆ, ಅಕ್ಕನ ಠಾಣೆಗೆ ಕರೆದುಕೊಂಡು ಹೋದೆ. ಅವಳು ಹೊಸ್ತಿಲಲ್ಲಿ ಚಪ್ಪಲಿ ಬಿಡಲೋ ಬೇಡವೋ ಎಂದು ತಡವರಿಸುತ್ತಿದ್ದಳು. ಒಳಗೆ ಮೇಜಿನ ಹಿಂದೆ ಅಕ್ಕ ತಲೆಯೆತ್ತಿ ನೋಡಿದರು. ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. ಹೆಬ್ಬೆರಳಿಂದ ಬೆಲ್ಟು ಸರಿಮಾಡಿಕೊಂಡು, ಹಿಮ್ಮಡಿ ಕೂಡಿಸಿ, ಸಾಹೇಬರಿಗೆ ನಿಲ್ಲುತ್ತಿದ್ದ ಹಾಗೇ ನೆಟ್ಟಗೆ ಎದ್ದು ನಿಂತರು.

"ಬಾರಮ್ಮ, ಕೂತ್ಕೋ," ಎಂದರು. ಅವಳು ಕೂತ ಮೇಲೆಯೇ ತಾವು ಕೂತರು.

ವಾಪಸ್ ಬರುವ ಬಸ್ಸಿನಲ್ಲಿ ಅವಳು ಕೇಳಿದಳು. "ನನ್ನ ನೋಡಿ ಅವರ್ಯಾಕೆ ಎದ್ರು ಟೀಚರ್?"

"ಎಂ.ಎ. ಓದಿದಾರೆ," ಎಂದೆ.

ಮರುದಿನ ಅವಳು ಮಗುವನ್ನು ಬಿಡಲು ಬಂದಾಗ ನಾನು ಹಾಜರಿ ಹಾಕುತ್ತ ಕೂತಿದ್ದೆ. ಪೆನ್ನು ಕೆಳಗಿಟ್ಟು ಎದ್ದು ನಿಂತೆ. ಅಂದಿನಿಂದ ಯಾವ ತಾಯಿ ಬಂದರೂ ಏಳುತ್ತೇನೆ.