ಅಮಾವಾಸ್ಯೆ ಸಂಜೆ ಕಡಿಮೆ ಬಿದ್ದ ಮುದ್ದೆ

ನನಗೆ ಇಬ್ಬರು ಗಂಡು ಮಕ್ಕಳು. ಮನೆ ಒಂದೇ, ಒಲೆ ಎರಡು. ನಡುಮನೆಗೆ ಅಡ್ಡಗೋಡೆ ಎದ್ದ ದಿನವೇ ನನ್ನನ್ನೂ ಪಾಲು ಮಾಡಿದರು. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆವರೆಗೆ ದೊಡ್ಡವನ ಕಡೆ ಊಟ, ಆಮೇಲೆ ಚಿಕ್ಕವನ ಕಡೆ. ಹಸುವನ್ನು ಹಾಗೆ ಹಂಚಿಕೊಳ್ಳಲಿಲ್ಲ, ಮಾರಿಬಿಟ್ಟರು. ನನಗೆ ಗಿರಾಕಿ ಸಿಗಲಿಲ್ಲವೇನೋ.

ಹೋದ ವರ್ಷ ಒಂದು ಅಮಾವಾಸ್ಯೆ, ದೊಡ್ಡವನ ಸರದಿ ಮುಗಿಯುವ ದಿನವೇ, ಊರಿನ ಟ್ರಾನ್ಸ್‌ಫಾರ್ಮರ್ ಕೆಟ್ಟು ಕೂತಿತು. ಮಳವಳ್ಳಿಯಿಂದ ಲೈನ್‌ಮನ್ ಬರಬೇಕು. ಸಂಜೆ ಹೊತ್ತಿಗೆ ಎಲ್ಲರ ಫೋನೂ ಸತ್ತವು. ಮಿಕ್ಸಿ ಇಲ್ಲದೆ ಬಸ್ಸಾರಿಗೆ ಖಾರ ಅರೆಯಲು ಹಿತ್ತಿಲ ಒರಳೇ ಗತಿ, ಅದಿರುವುದು ಒಂದೇ. ಸೊಸೆಯರು ಅಲ್ಲಿ ಎದುರುಬದುರಾದರು. ಹಾಗೇ ದೊಡ್ಡವನ ಒಲೆಯಲ್ಲೇ ಎಲ್ಲರ ಅಡುಗೆ ಅಂತ ಆಯಿತು. ದೊಡ್ಡವಳು ತನ್ನವರಿಗೆ ಬೇಕಾದಷ್ಟು ರಾಗಿ ಹಿಟ್ಟು ತಂದಳು, ಚಿಕ್ಕವಳು ತನ್ನವರಿಗೆ ಬೇಕಾದಷ್ಟು. ಒಂದೇ ಪಾತ್ರೆಗೆ ಸುರಿದು ತೊಳಸಿದರು.

ಊಟಕ್ಕೆ ಮುಂಚೆ ಎಲ್ಲರೂ ಜಗಲಿ ಮೇಲೆ ಕೂತೆವು. ದಾರಿಹೋಕರು ನೋಡಿ, ಎಷ್ಟು ಚೆನ್ನಾಗಿ ಕೂತಿದ್ದೀರಿ ಅಂದರು. ನಾವು ಮಾಡುತ್ತಿದ್ದದ್ದು ಒಬ್ಬರನ್ನೊಬ್ಬರು ಕುಕ್ಕುವುದು. ಚಿಕ್ಕವಳು ಮದುವೆಯಾಗಿ ಬಂದ ಹೊಸತರಲ್ಲಿ ಕಟ್ಟಿದ ಗಂಟುಗಂಟು ಮುದ್ದೆಯನ್ನು ನಾಯಿ ಮೂಸಿ ಬಿಟ್ಟುಹೋದ ಕತೆ ತೆಗೆದವಳು ನಾನೇ. ಬಿದ್ದುಬಿದ್ದು ನಕ್ಕರು. ಅವಳು ಬಿಡುವವಳೇ? ನಾನು ಬೊಚ್ಚುಬಾಯಲ್ಲಿ ಹಲಸಿನ ತೊಳೆ ಜಗಿಯುವುದನ್ನು ಮೇಣದಬತ್ತಿ ಮುಂದೆ ಆಡಿ ತೋರಿಸಿದಳು. ನಾನು ಹೆತ್ತವರೇ ಹೆಚ್ಚು ನಕ್ಕರು.

ಒಳಗೆ ಊಟಕ್ಕೆ ಕೂತೆವು. ನನ್ನ ತಟ್ಟೆಗೆ ಸಾರು ಬಿತ್ತು, ಮುದ್ದೆ ಬೀಳಲಿಲ್ಲ. ಪಾತ್ರೆ ಬರಿದು. ನನ್ನ ಪಾಲಿನ ಹಿಟ್ಟನ್ನು ಇಬ್ಬರೂ ತಂದಿರಲಿಲ್ಲ.

“ಇವತ್ತು ಅಮಾಸೆ ಅಲ್ವಾ ಅತ್ತೆ? ನೀವು ಅವ್ಳ್ ಕಡೆಗೆ ಸೇರ್ದೋರು,” ಅಂದಳು ದೊಡ್ಡವಳು.

“ಅಮಾಸೆ ಕಳೀಬೇಕು ಕಣಕ್ಕ. ನಾಳೆ ಬೆಳಿಗ್ಗೆಯಿಂದ ನಮ್ದು,” ಅಂದಳು ಚಿಕ್ಕವಳು.

ದೊಡ್ಡ ಮಗ ಇನ್ನೊಂದು ತುತ್ತು ಸಾರಿಗೆ ಅದ್ದಿದ. ಚಿಕ್ಕವನು ಮುದ್ದೆ ಮುರಿಯುತ್ತಲೇ, “ಒಂದೊತ್ತು ತಾನೆ, ಸಾರು ಕುಡ್ಕೊಂಡು ಮನಿಕ್ಕೊಳವ್ವ,” ಅಂದ.

ಅವರ ಊಟ ಮುಗಿಯುವುದಕ್ಕೂ ಕರೆಂಟು ಬರುವುದಕ್ಕೂ ಸರಿಹೋಯಿತು. ಅಡ್ಡಗೋಡೆಯ ಆ ಕಡೆ ಒಂದು ಟಿ.ವಿ., ಈ ಕಡೆ ಒಂದು ಟಿ.ವಿ. ಕೈ ತೊಳೆದವರೆಷ್ಟೋ, ತೊಳೆಯದೆ ಓಡಿದವರೆಷ್ಟೋ. ಸಾರಿನ ತಟ್ಟೆ ಮುಂದೆ ನಾನೊಬ್ಬಳೇ.

ಮನೆ ಪಾಲಾದರೂ ಮೀಟರು ಒಂದೇ, ಜಗಲಿ ಗೋಡೆಯಲ್ಲಿದೆ. ಗುಡುಗು ಬಂದಾಗ ಫ್ಯೂಸು ಕೀಳುವ ಕೆಲಸ ಮೊದಲಿಂದಲೂ ನನ್ನದೇ. ಎದ್ದು ಹೋಗಿ ಕಿತ್ತು, ಮಡಿಲಿಗೆ ಹಾಕಿಕೊಂಡು ಕೂತೆ. ಎರಡೂ ಕಡೆಯವರು ಈಚೆಗೆ ಬಂದರು. ಬೀದಿ ದೀಪ ಉರಿಯುತ್ತಿತ್ತು, ಎದುರುಮನೆ ಟಿ.ವಿ. ಕೂಗುತ್ತಿತ್ತು. ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ದೊಡ್ಡವನು ಕೈ ಚಾಚಿದ.

“ಮೊದ್ಲು ಮುದ್ದೆ ಇಕ್ಸ್ಲಾ. ಆಮ್ಯಾಕೆ ಫ್ಯೂಸು,” ಅಂದೆ.

ಹಿಟ್ಟು ಯಾರದು ಅಂತ ಒಲೆ ಮುಂದೆಯೂ ಜಗಳವಾಡಿ, ಕೊನೆಗೆ ಇಬ್ಬರೂ ಒಂದೊಂದು ಹಿಡಿ ಹಾಕಿದರು. ಒಬ್ಬಳು ಪಾತ್ರೆ ಹಿಡಿದಳು, ಇನ್ನೊಬ್ಬಳು ಕೋಲಾಡಿಸಿದಳು. ಬಿಸಿ ಮುದ್ದೆ, ಒಂದು ಗಂಟಿಲ್ಲ. ನಾನು ನುಂಗುವುದನ್ನೇ ನೋಡುತ್ತ ಮನೆಮಂದಿಯೆಲ್ಲ ಸುತ್ತ ನಿಂತಿದ್ದರು. ನಿಧಾನವಾಗಿ ಉಂಡೆ. ಇನ್ನೊಂದು ಸೌಟು ಸಾರು ಕೇಳಿದೆ. ಎದುರುಮನೆ ಟಿ.ವಿ.ಯಲ್ಲಿ ನಮ್ಮವರು ದಿನಾ ನೋಡುವ ಧಾರಾವಾಹಿ ಮುಗಿದದ್ದು ಕಿವಿಗೆ ಬಿದ್ದ ಮೇಲೆ ಕೈ ತೊಳೆದು ಫ್ಯೂಸು ಕೊಟ್ಟೆ.