ಇಟ್ಟಿಗೆಯಂಗಳದ ಏಳನೆಯ ದೀಪ

ಅಂಗಳದಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಯಾವ ಮೂಲೆಗೆ ಹರಿಯುತ್ತದೆ ಎಂದು ತಿಳಿಯಬೇಕಾದರೆ ಅದನ್ನು ಕಟ್ಟಿದವರನ್ನು ಕೇಳಿ ಉಪಯೋಗವಿಲ್ಲ, ತೊಳೆಯುವವರನ್ನು ಕೇಳಬೇಕು. ನೂಬಿಯಾ ಇದನ್ನು ಇಪ್ಪತ್ತೆರಡು ವರ್ಷದಿಂದ ಹೇಳಿಕೊಂಡೇ ಬಂದಿದ್ದಳು. ಯಾರೂ ಕೇಳಿರಲಿಲ್ಲ, ಅಷ್ಟೆ.

ಎನ್ವಿಗಾದೊ ಊರಿನಲ್ಲಿ ದೋನ್ಯಾ ಲುಸೆಲಿ ಎಂಬ ಯಜಮಾನಿಯ ಮನೆಗೆಲಸ ಅವಳದು. ಬಂದವಳೇ ಒಲೆಯ ಮೇಲೆ ಬೆಲ್ಲದ ನೀರಿಡಬೇಕು, ಜೋಳದ ಅರೇಪಾ ರೊಟ್ಟಿ ಸುಡಬೇಕು, ಆಮೇಲೆ ಇಟ್ಟಿಗೆ ಹಾಸಿದ ಅಂಗಳಕ್ಕೆ ಸೋಪಿನ ನೀರು ಚೆಲ್ಲಿ ಗಟ್ಟಿ ಪೊರಕೆಯಿಂದ ಉಜ್ಜಬೇಕು. ಆ ಬೀದಿಯಲ್ಲಿ ಹತ್ತು ಗಂಟೆಯಾದರೂ ಅಂಗಳ ಒದ್ದೆಯಾಗಿಲ್ಲವೆಂದರೆ ಒಳಗೆ ಯಾರೋ ಹಾಸಿಗೆ ಹಿಡಿದಿದ್ದಾರೆಂದು ಎದುರುಮನೆಯವರು ಸೂಪು ಹಿಡಿದುಕೊಂಡು ಬರುತ್ತಾರೆ.

ಇಟ್ಟಿಗೆಯ ಸಹವಾಸ ಅವಳಿಗೆ ಹುಟ್ಟಿನಿಂದ ಬಂದದ್ದು. ಅಪ್ಪ ಇಟ್ಟಿಗೆ ಗೂಡಿನಲ್ಲಿ ದುಡಿಯುತ್ತಿದ್ದ. ಅಣ್ಣಂದಿರು ನೆಲಕ್ಕೆ ಇಟ್ಟಿಗೆ ಹಾಸಿದರೆ ಅದಕ್ಕೆ ಮೇಸ್ತ್ರಿ ಕೆಲಸ ಎಂದು ಹೆಸರು. ಅದೇ ಇಟ್ಟಿಗೆಯನ್ನು ಅದೇ ಮರಳಿನ ಮೇಲೆ ನೂಬಿಯಾ ಹಾಸಿದರೆ ಅದು ಕೈಜೋಡಿಸುವುದು. ಮದುವೆಯಾಗುವವರೆಗೂ ಅವಳು ಊರಿನ ಅರ್ಧ ಅಂಗಳಗಳಿಗೆ ಹೀಗೆ ಕೈಜೋಡಿಸಿದ್ದಳು.

ಈ ವರ್ಷ ದೋನ್ಯಾ ಲುಸೆಲಿಗೆ ಅಂಗಳದ ನೆಲದೊಳಗೇ ದೀಪ ಕೂರಿಸುವ ಆಸೆ ಬಂತು. ಅದಕ್ಕೆ ಕಾರಣ ಮೇಣ. ಡಿಸೆಂಬರ್ ಏಳರ ಸಂಜೆ ಮಾತೆ ಮರಿಯಳಿಗೆಂದು ಪ್ರತಿ ಮನೆಯವರೂ ನೆಲದ ಮೇಲೆ ಬಣ್ಣಬಣ್ಣದ ಮೇಣದ ಬತ್ತಿ ಹಚ್ಚುತ್ತಾರೆ. ಮರುದಿನ ಇಟ್ಟಿಗೆಯ ಸಂದುಗಳಲ್ಲೆಲ್ಲ ಮೇಣ. ಅದರ ಬಗ್ಗೆ ಗೊಣಗುವುದು ದೋನ್ಯಾ ಲುಸೆಲಿಯ ಪಾಲು, ಕೆರೆಯುವುದು ನೂಬಿಯಾಳ ಪಾಲು. ಇನ್ನು ಮೇಲೆ ಬತ್ತಿಗಳೆಲ್ಲ ಗೋಡೆಯ ಬದಿಯ ಹಲಗೆಯ ಮೇಲೆ, ಅಂಗಳಕ್ಕೆ ಹತ್ತು ವಿದ್ಯುತ್ ದೀಪ ಎಂದು ತೀರ್ಮಾನವಾಯಿತು. ನೂಬಿಯಾ ತನ್ನ ಅಕ್ಕನ ಗಂಡ ಓವಿದಿಯೊನ ಹೆಸರು ಹೇಳಿದಳು. ವೈರಿಂಗ್ ಕೆಲಸದಲ್ಲಿ ಅವನ ಕೈ ಪಳಗಿತ್ತು. ಕಿವಿಯ ವಿಷಯ ಬೇರೆ.

ಓವಿದಿಯೊ ಅಂಗಳದ ನಡುವೆ ದಾರ ಎಳೆದು ನೇರ ಗೆರೆಯಲ್ಲಿ ಹತ್ತು ಗುರುತು ಹಾಕಿದ. ಐದನೆಯ ಗುರುತಿನಿಂದ ಎಂಟನೆಯದರವರೆಗೆ ತಗ್ಗಿದೆ, ನೀರು ನಿಲ್ಲುತ್ತದೆ ಎಂದು ನೂಬಿಯಾ ಹೇಳಿದಳು.

"ನಾನು ರಸಮಟ್ಟ ಇಟ್ಟು ನೋಡಿದೀನಿ ಕಣೆ," ಎಂದ ಅವನು. "ನೀನು ಪೊರಕೆ ಇಟ್ಟು ನೋಡಿದೀಯ."

ಅದೇನೂ ಸುಳ್ಳಲ್ಲವಲ್ಲ ಎಂದುಕೊಂಡು ಅವಳು ಹುರುಳಿಯ ಪಾತ್ರೆ ತೊಳೆಯಲು ಒಳಗೆ ಹೋದಳು.

ಅವನು ಇಟ್ಟಿಗೆಗಳನ್ನು ದುಂಡಗೆ ಕತ್ತರಿಸಿ, ದೀಪ ಹಿಡಿಸುವಷ್ಟೇ ಗುಣಿ ತೋಡಿ, ತಳಕ್ಕೂ ಸುತ್ತಲೂ ಸಿಮೆಂಟು ಮೆತ್ತಿದ. ನೋಡಲು ಅಚ್ಚುಕಟ್ಟಾಗಿತ್ತು. ಮರುದಿನ ಬೆಳಿಗ್ಗೆ ನೂಬಿಯಾ ಎಂದಿನಂತೆ ಅಂಗಳ ತೊಳೆದಳು. ಇಳಿದ ನೀರಿಗೆ ಹೋಗಲು ದಾರಿಯೇ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾಲ್ಕು ದೀಪಗಳು ಮೀನು ಸಾಕುವ ಗಾಜಿನ ಬುರುಡೆಗಳಂತಾಗಿದ್ದವು. ಆರನೆಯದರ ಗಾಜಿನೊಳಗೆ ಒಂದು ಪತಂಗ ಆರಾಮವಾಗಿ ತೇಲುತ್ತಿತ್ತು.

"ಇಷ್ಟು ನೀರು ಸುರಿಯೋಕೆ ನಿಂಗ್ಯಾರು ಹೇಳಿದ್ರು?" ಎಂದು ಓವಿದಿಯೊ ಕೇಳಿದ.

ದೋನ್ಯಾ ಲುಸೆಲಿ ಕಾಫಿ ಹಿಡಿದುಕೊಂಡು ಇಬ್ಬರನ್ನೂ ನೋಡಿದಳು. ತನಗೆ ಯಾವುದು ಸುಲಭವೋ ಅದನ್ನು ತೀರ್ಮಾನಿಸಿದಳು: ನಾಳೆಯಿಂದ ಅಂಗಳ ತೊಳೆಯುವುದು ಬೇಡ, ಒಣ ಪೊರಕೆ ಸಾಕು. ಹಾಗಾದ ಮೇಲೆ ನೂಬಿಯಾ ದಿನಾ ಬರುವುದೂ ಬೇಡ, ವಾರಕ್ಕೆ ಮೂರು ದಿನ ಸಾಕಾದೀತು.

ನೂಬಿಯಾಳ ಅರ್ಧ ಕೆಲಸ ಒಂದು ಗುಟುಕು ಕಾಫಿಯಲ್ಲಿ ಇಳಿದುಹೋಯಿತು. ಅವಳು ಕೈ ಒರೆಸಿಕೊಂಡಳು.

"ಅಮ್ಮಾವ್ರೆ, ನಾಲ್ಕು ದಿನ ಅಡುಗೆಮನೆ ನೀವು ನೋಡ್ಕೊಳ್ಳಿ, ಅಂಗಳ ನಾನು ನೋಡ್ಕೋತೀನಿ. ಏಳನೇ ತಾರೀಖು ಸ್ವಿಚ್ ಹಾಕಿದಾಗ ಒಂದೇ ಒಂದು ದೀಪ ಹತ್ತದಿದ್ರೂ ನಾನೇ ಕೆಲಸ ಬಿಟ್ಟು ಹೋಗ್ತೀನಿ. ಎಲ್ಲಾ ಹತ್ತಿದ್ರೆ ಆರು ದಿನದ ಕೆಲಸವೂ ನಂದೇ, ನೀರೂ ನಂದೇ."

ಅಡುಗೆಮನೆ ಎಂಬ ಮಾತಿಗೆ ದೋನ್ಯಾ ಲುಸೆಲಿ ಸ್ವಲ್ಪ ಅಳುಕಿದಳಾದರೂ ಒಪ್ಪಿಕೊಂಡಳು.

ಮೊದಲು ನೂಬಿಯಾ ಅಂಗಳಕ್ಕೆ ಎರಡು ಬಕೆಟ್ ನೀರು ಸುರಿದು ಸುಮ್ಮನೆ ಕುಳಿತಳು. ನೀರು ಎಲ್ಲಿಯವರೆಗೆ ಹಬ್ಬಿ ನಿಂತಿತೋ ಅದರ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆದಳು. ಹಳೆಯ ಗುಣಿಗಳಿಂದ ದೀಪ ಎತ್ತಿ ಒಣಗಿಸಿ, ಆ ಗುಣಿಗಳಿಗೆ ಇಟ್ಟಿಗೆ ಮುಚ್ಚಿದಳು. ಗೆರೆಯ ಆಚೆ, ದಿಬ್ಬದ ಕಡೆಗೆ, ಹತ್ತು ಹೊಸ ಜಾಗ. ಇಟ್ಟಿಗೆ ಎಬ್ಬಿಸಿ ಮೊಣಕೈಯುದ್ದ ಗುಣಿ ತೋಡಿದಳು, ತಳಕ್ಕೆ ಜಲ್ಲಿ ತುಂಬಿದಳು, ಅದರ ಮೇಲೆ ಪೈಪಿನ ತುಂಡು ನಿಲ್ಲಿಸಿ ಅದರೊಳಗೆ ದೀಪ ಇಳಿಸಿದಳು. ಇಳಿದ ನೀರು ಜಲ್ಲಿಯ ನಡುವೆ ನುಸುಳಿ ಮಣ್ಣು ಸೇರಬೇಕು. ತಂತಿ ಬೆಸೆಯಲು ಓವಿದಿಯೊನನ್ನೇ ಕೂರಿಸಿದಳು. ನಾಳೆ ರಿಪೇರಿಗೆ ದೀಪ ಮೇಲೆತ್ತಲು ಬರುವಂತೆ ಒಂದೊಂದು ಸುತ್ತು ತಂತಿ ಹೆಚ್ಚಿಗೆ ಬಿಡಿಸಿದಳು. ಇಟ್ಟಿಗೆಗಳನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿ ಕೂರಿಸಿ, ಸಂದುಗಳಿಗೆ ಮರಳು ಗುಡಿಸಿದಳು. ಹಸಿಯಾಗಿದ್ದಾಗ ನಾಯಿ ತುಳಿದು ಹೆಜ್ಜೆ ಮೂಡಿದ ಇಟ್ಟಿಗೆಯೊಂದಿತ್ತು. ಇಷ್ಟು ವರ್ಷ ಮೂಲೆಯಲ್ಲಿದ್ದ ಅದನ್ನು ತಂದು ಮೊದಲ ದೀಪದ ಪಕ್ಕ ಇಟ್ಟಳು.

"ಗೆರೆ ಸೊಟ್ಟಗಿದೆ," ಎಂದ ಓವಿದಿಯೊ.

"ಅದು ನೀರು ಹಾಕಿದ ಗೆರೆ, ಭಾವ. ಅದಕ್ಕೆ ರಸಮಟ್ಟ ಗೊತ್ತಿಲ್ಲ."

ಅತ್ತ ಒಳಗಿನಿಂದ ಸುಟ್ಟ ಅರೇಪಾದ ವಾಸನೆ ಬರುತ್ತಿತ್ತು. ಎರಡನೆಯ ದಿನ ದೋನ್ಯಾ ಲುಸೆಲಿ ಬಾಗಿಲಿಗೆ ಬಂದು ಕುಕ್ಕರಿನ ಮುಚ್ಚಳ ಯಾವ ಕಡೆಗೆ ತಿರುಗಿಸಬೇಕೆಂದು ಕೇಳಿದಳು. ಮೂರನೆಯ ದಿನ ಏನೂ ಕೇಳದೆ ಮೂವರಿಗೂ ಬ್ರೆಡ್ಡು ತರಿಸಿದಳು.

ಏಳನೇ ತಾರೀಖಿನ ಬೆಳಿಗ್ಗೆ ನೂಬಿಯಾ ನಾಲ್ಕು ಬಕೆಟ್ ನೀರು ಹೊಯ್ದು ಅಂಗಳ ಉಜ್ಜಿದಳು. ಪ್ರತಿ ಬಕೆಟ್ಟಿಗೂ ಓವಿದಿಯೊ ಕಣ್ಣು ಮುಚ್ಚಿಕೊಂಡ. ಗಾಜುಗಳೊಳಗೆ ಒಂದು ಹನಿಯೂ ಇರಲಿಲ್ಲ.

ಸಂಜೆ ನೆರೆಯವರೆಲ್ಲ ಬಂದರು. ಹಲಗೆಯ ಮೇಲೆ ಬತ್ತಿಗಳು ಉರಿದವು. ನೂಬಿಯಾ ಅಡುಗೆಮನೆಯಲ್ಲಿ ಚೀಸಿನ ಉಂಡೆಗಳನ್ನು ಕರಿಯುತ್ತಿದ್ದಳು. ಕತ್ತಲಿಳಿಯುತ್ತಿದ್ದಂತೆ ದೋನ್ಯಾ ಲುಸೆಲಿ ಅವಳನ್ನು ಹೊರಗೆ ಕರೆದು ಸ್ವಿಚ್ ಹಾಕಿದಳು.

ಒಂಬತ್ತು ದೀಪ ಹತ್ತಿದವು. ಏಳನೆಯದು ಕಪ್ಪಗಿತ್ತು.

"ನೀರು," ಎಂದ ಓವಿದಿಯೊ, ಪಾಪ, ದುಃಖದಿಂದಲೇ.

ದೋನ್ಯಾ ಲುಸೆಲಿ ನೂಬಿಯಾಳ ಮುಖ ನೋಡಲಿಲ್ಲ, ಅವಳ ಏಪ್ರನ್ ನೋಡಿದಳು. ಅದನ್ನು ಬಿಚ್ಚಿ ಕೊಡುವುದೊಂದೇ ಬಾಕಿ ಎಂಬಂತೆ. ನೂಬಿಯಾ ಏಳನೆಯ ದೀಪದ ಬಳಿ ಹೋಗಿ ಕುಕ್ಕರಗಾಲಲ್ಲಿ ಕುಳಿತು ಗಾಜನ್ನು ಮುಟ್ಟಿದಳು. ಬೆಚ್ಚಗಿತ್ತು, ಜಿಡ್ಡುಜಿಡ್ಡಾಗಿತ್ತು. ಏಪ್ರನ್ ಜೇಬಿನಿಂದ ಚಾಕು ತೆಗೆದು ಕೆರೆದಳು. ಬೆರಳು ದಪ್ಪದ ನೀಲಿ ಮೇಣ ರೊಟ್ಟಿಯಂತೆ ಎದ್ದು ಬಂತು. ಅದರಡಿಯಿಂದ ಬೆಳಕು ಅವಳ ಗಲ್ಲಕ್ಕೆ ಹೊಡೆಯಿತು.

ಅಂಗಳದಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಓವಿದಿಯೊ ಮಾತ್ರ ತನ್ನ ಹೆಬ್ಬೆರಳು ನೋಡಿಕೊಳ್ಳುತ್ತಿದ್ದ. ಅದು ನೀಲಿಯಾಗಿತ್ತು.

"ಹಲಗೆ ತುಂಬಿಹೋಗಿತ್ತು," ಎಂದ. "ಈ ಗಾಜು ಸಪಾಟಾಗಿತ್ತು. ಐದು ಬತ್ತಿ ಒಟ್ಟಿಗೆ ಹಚ್ಚಿದ್ದೆ, ಎಲ್ಲ ಕರಗಿ ಆರಿಹೋಗಿದ್ವು. ಯಾವ ದೀಪವೂ ಕೈಕೊಡದೆ ಇರಲಿ ಅಂತ ಮಾತೆಗೆ ಬೇಡ್ಕೊಂಡೆ."

ದೋನ್ಯಾ ಲುಸೆಲಿ ಮೊದಲು ನಕ್ಕಳು, ಆಮೇಲೆ ಉಳಿದವರು. ನಗು ನಿಂತ ಮೇಲೆ ಅವಳು ಎಲ್ಲರಿಗೂ ಕೇಳುವ ಹಾಗೆ, ವಾರದ ಆರು ದಿನವೂ ಅಂಗಳ ತೊಳೆಯಬೇಕು, ಕುಕ್ಕರನ್ನಂತೂ ತಾನು ಇನ್ನು ಮುಟ್ಟುವುದಿಲ್ಲ ಎಂದಳು.

ನೂಬಿಯಾ ಚಾಕು ಒರೆಸಿ, ಹಿಡಿಯ ಕಡೆಯಿಂದ ಭಾವನ ಮುಂದೆ ಹಿಡಿದಳು.

"ನಾಳೆ ಹಬ್ಬ, ನಂಗೆ ರಜ. ಬೆಳಿಗ್ಗೆ ನೀನು ಬಾ. ಸಂದಿನ ಮೇಣಕ್ಕೆ ಚಾಕು ಓರೆಯಾಗಿ ಹಿಡೀಬೇಕು. ಗಾಜು ಗೀರಬೇಡ."

"ನಾನು ವೈರಿಂಗ್ ಮಾಡೋನು ಕಣೆ."

"ಗೊತ್ತು ಭಾವ," ಎಂದಳು ನೂಬಿಯಾ. "ಇದೇನು ಕೆಲಸವಲ್ಲ. ಸುಮ್ಮನೆ ಕೈಜೋಡಿಸೋದು."